ಜಠರದೊಳಗೆ ದೀಪ ಹಿಡಿಯಲು ಹೋದ ವೈದ್ಯ ಕುಸ್‌ಮೌಲ್

ಶಿರಾ ತಾಲ್ಲೂಕಿನ ಮದಲೂರು ಸೀಮೆಯಲ್ಲಿ ಎದೆಯುರಿ ಎಂಬುದು ಹೊಸ ಮಾತೇನೂ ಅಲ್ಲ. ರಾತ್ರಿ ಮುದ್ದೆಯ ಜೊತೆ ಖಾರದ ಸಾರು ಉಂಡು ಒಡನೆಯೇ ಮಲಗಿದವರು ನಡುರಾತ್ರಿ ಎದ್ದು ಕೂರುವುದು, ಗಂಟಲಿಗೆ ಹುಳಿನೀರು ಉಕ್ಕುವುದು, ಬೆಳಗಾದರೆ ಔಷಧಿ ಅಂಗಡಿಗೆ ಹೋಗಿ ಗ್ಯಾಸ್ಟ್ರಿಕ್ ಮಾತ್ರೆ ಕೇಳುವುದು ಮದಲೂರಿನಲ್ಲಿಯೂ ಒಂದೇ, ಮಧುಗಿರಿ, ಕೊರಟಗೆರೆ, ಪಾವಗಡಗಳಲ್ಲಿಯೂ ಒಂದೇ. ಮಾತ್ರೆಗೆ ಜಗ್ಗದಿದ್ದರೆ ವೈದ್ಯರು ಎಂಡೋಸ್ಕೋಪಿ ಮಾಡಿಸಲು ಬರೆದುಕೊಡುತ್ತಾರೆ. ತುಮಕೂರಿಗೋ ಬೆಂಗಳೂರಿಗೋ ಹೋದ ರೋಗಿಯ ಬಾಯಿಯ ಮೂಲಕ ಕಿರುಬೆರಳಿನ ಗಾತ್ರದ ಬಳುಕುವ ನಳಿಕೆಯೊಂದು ಇಳಿಯುತ್ತದೆ. ಅನ್ನನಾಳದ ಕೆಳತುದಿಯಲ್ಲಿ ಹುಣ್ಣಿದೆಯೇ ಇಲ್ಲವೇ ಎಂಬುದು ಕೆಲವೇ ನಿಮಿಷಗಳಲ್ಲಿ ಪರದೆಯ ಮೇಲೆ ಕಾಣುತ್ತದೆ.

ಈ ಪರೀಕ್ಷೆಯ ಹಿಂದೆ ಒಂದೂವರೆ ಶತಮಾನಕ್ಕೂ ಮೀರಿದ ಚರಿತ್ರೆಯಿದೆ. ಅದರ ಮೊದಲ ಪುಟದಲ್ಲಿರುವುದು ಜರ್ಮನಿಯ ವೈದ್ಯ ಅಡಾಲ್ಫ್ ಕುಸ್‌ಮೌಲ್ ಅವರ ಹೆಸರು. ವೈದ್ಯಕೀಯ ವಿದ್ಯಾರ್ಥಿಗಳು ಈ ಹೆಸರನ್ನು ಬಲ್ಲರು. ಮಧುಮೇಹ ಉಲ್ಬಣಿಸಿ ಪ್ರಜ್ಞೆ ತಪ್ಪುವ ಹಂತದಲ್ಲಿರುವ ರೋಗಿಯ ಆಳವಾದ, ಏದುಬ್ಬಸದಂಥ ಉಸಿರಾಟಕ್ಕೆ ಅವರದೇ ಹೆಸರು ನಿಂತಿದೆ. ಆದರೆ ಬದುಕಿರುವ ಮನುಷ್ಯನ ಜಠರದೊಳಕ್ಕೆ ಬಾಯಿಯ ಮೂಲಕ ನಳಿಕೆ ಇಳಿಸಿ ಮೊತ್ತಮೊದಲು ಇಣುಕಿ ನೋಡಿದವರೂ ಇವರೇ ಎಂಬುದು ಪರೀಕ್ಷೆಯ ಪ್ರಶ್ನೆಪತ್ರಿಕೆಯಲ್ಲಿ ಬರುವುದು ಅಪರೂಪ. ಬಹುಶಃ ಆ ಪ್ರಯತ್ನ ಸೋತದ್ದೇ ಅದಕ್ಕೆ ಕಾರಣವಿರಬಹುದು.

ಕುಸ್‌ಮೌಲ್ ಹುಟ್ಟಿದ್ದು 1822ರ ಫೆಬ್ರುವರಿ 22ರಂದು, ಬಾಡೆನ್ ಸಂಸ್ಥಾನದ ಕಾರ್ಲ್ಸ್‌ರೂಹ ನಗರಕ್ಕೆ ಸಮೀಪದ ಗ್ರಾಬೆನ್ ಎಂಬ ಊರಿನಲ್ಲಿ. ತಂದೆ ವೈದ್ಯರು. ಮಗನೂ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ವೈದ್ಯ ವಿದ್ಯೆಗೇ ಸೇರಿದರು. ಓದಿನ ಜೊತೆಗೆ ಕವಿತೆ, ಗೆಳೆಯರ ಕೂಟ, ತಮಾಷೆ ಎಲ್ಲವೂ ಇದ್ದವು. ಹಳ್ಳಿಯ ಶಾಲಾ ಮಾಸ್ತರರೊಬ್ಬರು ಬರೆದಿದ್ದ ಮುಗ್ಧ ಪದ್ಯಗಳ ಪುಸ್ತಕವೊಂದು ಮುಂದೆ ಅವರ ಕೈಗೆ ಸಿಕ್ಕಿತು. ಗೆಳೆಯ ಲೂಡ್ವಿಗ್ ಐಖ್‌ರೋಟ್ ಅವರೊಡನೆ ಸೇರಿ ಅದನ್ನು ಅಣಕಿಸಿ, ಬೀಡರ್‌ಮೈಯರ್ ಎಂಬ ಕಲ್ಪಿತ ಮಾಸ್ತರನ ಹೆಸರಿನಲ್ಲಿ 1850ರ ದಶಕದಲ್ಲಿ ಹಾಸ್ಯಪತ್ರಿಕೆಗೆ ಪದ್ಯಗಳನ್ನು ಕಳುಹಿಸಿದರು. ಆ ಕಲ್ಪಿತ ಹೆಸರೇ ಕಾಲಾಂತರದಲ್ಲಿ ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದ ಜರ್ಮನ್ ಜೀವನಶೈಲಿ, ಪೀಠೋಪಕರಣ, ಚಿತ್ರಕಲೆಗಳಿಗೆಲ್ಲ ಅಂಟಿಕೊಂಡಿತು. ವೈದ್ಯರೊಬ್ಬರ ತಮಾಷೆ ಒಂದು ಯುಗಕ್ಕೇ ಹೆಸರು ಕೊಟ್ಟ ಇಂಥ ಉದಾಹರಣೆ ವಿರಳ.

ವಿದ್ಯಾರ್ಥಿದೆಸೆಯಲ್ಲಿಯೇ ಅವರನ್ನು ಒಂದು ಪ್ರಶ್ನೆ ಹಿಡಿದುಕೊಂಡಿತ್ತು. ಕಣ್ಣಿನ ಪಾಪೆ ಕಪ್ಪಾಗಿ ಕಾಣುವುದೇಕೆ, ಅದರ ಹಿಂದಿರುವ ಅಕ್ಷಿಪಟಲವನ್ನು ಬದುಕಿರುವವರಲ್ಲಿ ನೋಡಲು ಸಾಧ್ಯವೇ ಎಂಬುದೇ ಆ ಪ್ರಶ್ನೆ. ಕಣ್ಣಿನ ತಳದ ಬಣ್ಣಗಳ ಕುರಿತು ಬರೆದ ಪ್ರಬಂಧಕ್ಕೆ ವಿಶ್ವವಿದ್ಯಾಲಯದ ಪದಕವೂ ಬಂದಿತು. 1845ರಲ್ಲಿ ಅದು ಪುಸ್ತಕವಾಗಿ ಅಚ್ಚಾಯಿತು. ಮಸೂರವೊಂದನ್ನು ಬಳಸಿ ಕಣ್ಣಿನೊಳಗೆ ಇಣುಕುವ ಉಪಕರಣವನ್ನೂ ಕುಸ್‌ಮೌಲ್ ಯೋಚಿಸಿದ್ದರು. ಆದರೆ ಕಣ್ಣಿನ ತಳಕ್ಕೆ ಬೆಳಕನ್ನು ಹೇಗೆ ತಲುಪಿಸಬೇಕೆಂಬುದು ಹೊಳೆಯಲಿಲ್ಲ. ಕೆಲವೇ ವರ್ಷಗಳಲ್ಲಿ, 1851ರಲ್ಲಿ, ಹೆರ್ಮಾನ್ ಹೆಲ್ಮ್‌ಹೋಲ್ಟ್ಸ್ ಗಾಜಿನ ಫಲಕಗಳಿಂದ ದೀಪದ ಬೆಳಕನ್ನು ಕಣ್ಣಿನೊಳಕ್ಕೆ ತಿರುಗಿಸಿ, ಅದೇ ದಾರಿಯಲ್ಲಿ ಹಿಂದಿರುಗುವ ಬೆಳಕನ್ನು ನೋಡುವ ನೇತ್ರದರ್ಶಕವನ್ನು ಪ್ರಕಟಿಸಿದರು. ಕುಸ್‌ಮೌಲ್ ಅವರ ಉಪಕರಣಕ್ಕೆ ಕೊರತೆಯಾಗಿದ್ದದ್ದು ಬೆಳಕೊಂದೇ. ಇಪ್ಪತ್ಮೂರು ವರ್ಷಗಳ ನಂತರ ಅದೇ ಕೊರತೆ ಅವರನ್ನು ಮತ್ತೆ ಕಾಡಲಿತ್ತು.

ಪದವಿ ಮುಗಿಸಿದ ಮೇಲೆ ವಿಯೆನ್ನಾ ಮತ್ತು ಪ್ರಾಗ್ ನಗರಗಳ ಆಸ್ಪತ್ರೆಗಳನ್ನು ನೋಡಿ ಬಂದರು. ಸೈನ್ಯದಲ್ಲಿ ವೈದ್ಯರಾಗಿದ್ದರು. 1850ರಲ್ಲಿ ಕಪ್ಪುಕಾಡು ಪ್ರದೇಶದ ಅಂಚಿನಲ್ಲಿರುವ ಕಾಂಡರ್ನ್ ಎಂಬ ಸಣ್ಣ ಊರಿನಲ್ಲಿ ವೃತ್ತಿ ಹಿಡಿದರು. ಗುಡ್ಡಗಾಡಿನ ಹಳ್ಳಿಗಳನ್ನು ಹಗಲಿರುಳೆನ್ನದೆ ಸುತ್ತುವ ಕೆಲಸವದು. ಮೂರೇ ವರ್ಷಗಳಲ್ಲಿ ತೀವ್ರ ಕಾಯಿಲೆಯೊಂದು ಅವರ ಕಾಲುಗಳ ಬಲವನ್ನೇ ಕಸಿದುಕೊಂಡಿತು. ಚೇತರಿಸಿಕೊಂಡರಾದರೂ ಹಳ್ಳಿ ವೈದ್ಯನ ಓಡಾಟ ಇನ್ನು ಆಗದೆಂಬುದು ಖಚಿತವಾಯಿತು. ಮೂವತ್ತು ದಾಟಿದ, ಸಂಸಾರಸ್ಥನಾದ ವೈದ್ಯ ಮತ್ತೆ ವಿದ್ಯಾರ್ಥಿಯಾಗಿ ವ್ಯೂರ್ಟ್ಸ್‌ಬರ್ಗ್‌ನಲ್ಲಿ ರುಡಾಲ್ಫ್ ವಿರ್ಖೋ ಅವರ ಬಳಿ ಕುಳಿತರು. 1855ರಲ್ಲಿ ಡಾಕ್ಟರೇಟ್ ಪಡೆದರು. ಆ ಕಾಯಿಲೆ ಬರದಿದ್ದಲ್ಲಿ ಕಾಂಡರ್ನ್‌ನ ಜನರಿಗೆ ಒಳ್ಳೆಯ ವೈದ್ಯರೊಬ್ಬರು ಉಳಿಯುತ್ತಿದ್ದರು, ವೈದ್ಯಶಾಸ್ತ್ರಕ್ಕೆ ಕುಸ್‌ಮೌಲ್ ಸಿಗುತ್ತಿರಲಿಲ್ಲ.

ಅನಂತರದ ಏರಿಕೆ ವೇಗವಾಗಿತ್ತು. 1859ರಲ್ಲಿ ಎರ್ಲಾಂಗೆನ್‌ನಲ್ಲಿ ಪ್ರಾಧ್ಯಾಪಕರಾದರು. ಕನ್ನಡಿಗೆ ಪಾದರಸ ಬಳಿಯುವ ಕಾರ್ಮಿಕರು ಕೈಕಾಲು ನಡುಗಿ, ಹಲ್ಲು ಉದುರಿ, ಮನಸ್ಸಿನ ಸಮತೋಲ ತಪ್ಪಿ ನರಳುತ್ತಿದ್ದುದನ್ನು ಕಂಡು, ಅದು ಪಾದರಸದ ವಿಷವೆಂದೂ ಉಪದಂಶ ರೋಗದಿಂದ ಅದನ್ನು ಬೇರ್ಪಡಿಸಿ ಗುರುತಿಸಬೇಕೆಂದೂ 1861ರಲ್ಲಿ ದೊಡ್ಡ ಗ್ರಂಥವನ್ನೇ ಬರೆದರು. 1863ರಲ್ಲಿ ಫ್ರೈಬುರ್ಗ್‌ಗೆ ಬಂದರು. ಜಠರದ ಕಥೆ ಆರಂಭವಾಗುವುದು ಇಲ್ಲಿಂದಲೇ.

ಆ ಕಾಲದಲ್ಲಿ ಎದೆಯುರಿ, ಹುಳಿತೇಗು, ಊಟದ ನಂತರ ವಾಂತಿ ಎಂದು ಬಂದ ರೋಗಿಯ ಮುಂದೆ ವೈದ್ಯನಿಗೆ ಇದ್ದ ಸಾಧನಗಳು ಕಿವಿ, ಕೈ ಮತ್ತು ಮೂಗು ಮಾತ್ರ. ರೋಗಿ ಹೇಳುವುದನ್ನು ಕೇಳಬೇಕು, ಹೊಟ್ಟೆ ಒತ್ತಿ ತಟ್ಟಿ ನೋಡಬೇಕು, ವಾಂತಿಯ ವಾಸನೆ ಬಣ್ಣ ಗಮನಿಸಬೇಕು. ನಿಜ ಏನೆಂಬುದು ಶವಪರೀಕ್ಷೆಯ ಮೇಜಿನ ಮೇಲೆಯೇ ತಿಳಿಯುತ್ತಿತ್ತು. ನಮ್ಮ ನಾಡಿನ ಪಂಡಿತರ ಸ್ಥಿತಿಯೂ ಇದಕ್ಕಿಂತ ಬೇರೆಯಾಗಿರಲಿಲ್ಲ. ಕಹಿ ಮತ್ತು ಹುಳಿ ತೇಗು, ಎದೆ ಮತ್ತು ಗಂಟಲಿನ ಉರಿ, ಅರುಚಿ ಇವುಗಳನ್ನು ಒಟ್ಟುಗೂಡಿಸಿ ಅಮ್ಲಪಿತ್ತವೆಂದು ಮಾಧವನಿದಾನ ಸಾವಿರ ವರ್ಷಗಳಿಗೂ ಹಿಂದೆಯೇ ಹೆಸರಿಸಿತ್ತು. ಲಕ್ಷಣಗಳ ಪಟ್ಟಿ ಇಂದಿನ ಪಠ್ಯಪುಸ್ತಕಕ್ಕೆ ಬಹಳ ಸಮೀಪದಲ್ಲಿದೆ. ಒಳಗಿರುವುದನ್ನು ಕಣ್ಣಾರೆ ನೋಡುವ ದಾರಿ ಮಾತ್ರ ಯಾರಿಗೂ ಇರಲಿಲ್ಲ.

1867ರಲ್ಲಿ ಕುಸ್‌ಮೌಲ್ ಅವರ ಚಿಕಿತ್ಸಾಲಯದಲ್ಲಿ ಯುವತಿಯೊಬ್ಬಳಿದ್ದಳು. ಜಠರದ ಕೆಳಬಾಗಿಲು ಕಿರಿದಾಗಿ, ತಿಂದದ್ದು ಮುಂದಕ್ಕೆ ಸಾಗದೆ ಹೊಟ್ಟೆ ಚೀಲದಂತೆ ಹಿಗ್ಗಿತ್ತು. ದಿನಗಟ್ಟಲೆ ಕೊಳೆತು ಹುಳಿಯಾದ ಅನ್ನ ಮೇಲಕ್ಕೆ ಉಕ್ಕುತ್ತಿತ್ತು. ವಿಷ ಕುಡಿದವರ ಹೊಟ್ಟೆ ತೊಳೆಯಲು ಬಳಸುತ್ತಿದ್ದ ಪಂಪು ಆಗ ಹೊಸದೇನಲ್ಲ. ಅದನ್ನೇ ಈ ರೋಗಿಗೂ ಏಕೆ ಬಳಸಬಾರದೆಂದು ಕುಸ್‌ಮೌಲ್ ಯೋಚಿಸಿದರು. ನಳಿಕೆ ಇಳಿಸಿ ಆ ಹುಳಿಯನ್ನೆಲ್ಲ ಹೊರತೆಗೆದಾಗ ಯಾತನೆ ಇಳಿಯಿತು. ಮತ್ತೆ ಮತ್ತೆ ತೊಳೆದಾಗ ರೋಗಿ ಚೇತರಿಸಿಕೊಂಡಳು. 1869ರಲ್ಲಿ ಪ್ರಕಟವಾದ ಈ ವಿಧಾನದ ವರದಿ ಯೂರೋಪಿನ ಆಸ್ಪತ್ರೆಗಳಲ್ಲೆಲ್ಲ ಹಬ್ಬಿತು. ಜಠರದ ರೋಗಗಳ ಆಧುನಿಕ ಅಧ್ಯಯನ ಇಲ್ಲಿಂದ ಮೊದಲಾಯಿತು ಎನ್ನುವವರಿದ್ದಾರೆ. ಆ ಮಾತಿನಲ್ಲಿ ಅತಿಶಯೋಕ್ತಿ ಹೆಚ್ಚಿಲ್ಲ.

ನಳಿಕೆಯನ್ನು ಒಳಕ್ಕಿಳಿಸಿ ತೊಳೆಯಬಹುದಾದರೆ ಅದರ ಮೂಲಕ ನೋಡಲೂ ಏಕಾಗಬಾರದು? ಪ್ಯಾರಿಸ್ಸಿನ ದೆಸೋರ್ಮೊ ಎಂಬ ಶಸ್ತ್ರವೈದ್ಯರು ಮೂತ್ರನಾಳವನ್ನು ನೋಡುವ ಉಪಕರಣವನ್ನು 1853ರಲ್ಲಿಯೇ ತೋರಿಸಿದ್ದರು. ಮದ್ಯಸಾರ ಮತ್ತು ಟರ್ಪಂಟೈನ್ ಬೆರೆಸಿ ಉರಿಸುವ ದೀಪ, ಬೆಳಕನ್ನು ತಿರುಗಿಸುವ ಕನ್ನಡಿ, ನಡುವೆ ಕಣ್ಣಿಟ್ಟು ನೋಡಲು ಒಂದು ಸಣ್ಣ ರಂಧ್ರ. ಇದನ್ನು ಗಂಟಲಿಗೆ ಹೊಂದಿಸಲು ಕುಸ್‌ಮೌಲ್ ಮುಂದಾದರು. ಅನ್ನನಾಳದ ಮೇಲ್ಭಾಗ ಕಂಡಿತು. ಜಠರದವರೆಗೆ ಹೋಗಬೇಕಾದರೆ ಉದ್ದನೆಯ, ನೆಟ್ಟಗಿನ ನಳಿಕೆ ಬೇಕು. ಅದನ್ನು ನುಂಗುವವರು ಯಾರು?

ಉತ್ತರ ಬಂದದ್ದು ಕತ್ತಿ ನುಂಗುವವನೊಬ್ಬನಿಂದ. ಫ್ರೈಬುರ್ಗ್‌ನಲ್ಲಿ ಪ್ರದರ್ಶನ ನೀಡುತ್ತಿದ್ದ ಆತನ ವಿಷಯ ಕುಸ್‌ಮೌಲ್ ಅವರ ಸಹಾಯಕರ ಮೂಲಕ ಚಿಕಿತ್ಸಾಲಯಕ್ಕೆ ತಲುಪಿತು. ಕತ್ತಿ ನುಂಗುವ ಕಸರತ್ತು ನಮ್ಮ ಜಾತ್ರೆ ಸಂತೆಗಳಿಗೆ ಹೊಸದಲ್ಲ. 1813ರಲ್ಲಿ ಲಂಡನ್ನಿಗೆ ಹೋದ ಭಾರತದ ಜಾದೂಗಾರರ ಪ್ರದರ್ಶನದಿಂದಲೇ ಅದು ಇಂಗ್ಲೆಂಡಿನ ಜನರ ಬಾಯಲ್ಲಿ ದೊಡ್ಡ ಸುದ್ದಿಯಾದದ್ದು. ಇದರಲ್ಲಿ ಕಣ್ಕಟ್ಟು ಏನೂ ಇಲ್ಲ. ತಲೆಯನ್ನು ಪೂರ್ತಿ ಹಿಂದಕ್ಕೆ ಬಾಗಿಸಿದರೆ ಬಾಯಿ, ಗಂಟಲು ಮತ್ತು ಅನ್ನನಾಳ ಒಂದೇ ಗೆರೆಗೆ ಬರುತ್ತವೆ. ಓಕರಿಕೆಯನ್ನು ಅಡಗಿಸಿ, ಗಂಟಲ ಕೆಳಗಿನ ಬಿಗಿ ಸ್ನಾಯುವನ್ನು ಸಡಿಲಗೊಳಿಸುವುದನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದವನಿಗೆ ಕತ್ತಿ ತಾನಾಗಿಯೇ ಇಳಿಯುತ್ತದೆ. ಪುಸ್ತಕದಲ್ಲಿ ಇಲ್ಲದ ಈ ಅಂಗರಚನಾ ಶಾಸ್ತ್ರವನ್ನು ವಿಶ್ವವಿದ್ಯಾಲಯದ ಪ್ರಾಧ್ಯಾಪಕರು ಬೀದಿಯ ಕಸರತ್ತುಗಾರನಿಂದ ಕಲಿತರು.

1868ರಲ್ಲಿ ಕುಸ್‌ಮೌಲ್ 47 ಸೆಂಟಿಮೀಟರ್ ಉದ್ದದ, 13 ಮಿಲಿಮೀಟರ್ ಅಗಲದ ಲೋಹದ ನಳಿಕೆಯನ್ನು ಮಾಡಿಸಿದರು. ಬಾಯಿಯ ಹಲ್ಲಿನಿಂದ ಜಠರದ ಬಾಗಿಲಿಗೆ ಸುಮಾರು 40 ಸೆಂಟಿಮೀಟರ್. ಆದ್ದರಿಂದ ನಳಿಕೆಯ ತುದಿ ಜಠರದೊಳಕ್ಕೆ ಕೆಲವೇ ಅಂಗುಲ ಇಳಿಯುತ್ತಿತ್ತು. ಮೊದಲು ಬಳುಕುವ ಮಾರ್ಗದರ್ಶಿ ಕಡ್ಡಿ, ಅದರ ಮೇಲೆ ನಳಿಕೆ. ಕಸರತ್ತುಗಾರ ಅದನ್ನು ನುಂಗಿದ. ಹೊರತುದಿಗೆ ದೆಸೋರ್ಮೊ ದೀಪವನ್ನು ಜೋಡಿಸಿ ಕುಸ್‌ಮೌಲ್ ಕಣ್ಣಿಟ್ಟರು. ಊರಿನ ವಿಜ್ಞಾನ ಸಂಘದ ಸದಸ್ಯರ ಮುಂದೆಯೂ ಇದರ ಪ್ರದರ್ಶನ ನಡೆಯಿತು.

ಕಂಡದ್ದು ಬಹಳ ಕಡಿಮೆ. ಗಿಡ್ಡ ಮೂತ್ರನಾಳಕ್ಕೆ ಸಾಕಾಗುತ್ತಿದ್ದ ದೀಪ, ಅರ್ಧ ಮೀಟರಿನಷ್ಟು ಉದ್ದದ ಕೊಳವೆಯ ತಳಕ್ಕೆ ಮುಟ್ಟುವಷ್ಟರಲ್ಲಿ ಮಂಕಾಗಿಬಿಡುತ್ತಿತ್ತು. ಹೊಟ್ಟೆಯನ್ನು ಪಂಪಿನಿಂದ ಎಷ್ಟು ತೊಳೆದರೂ ಜಠರರಸ ಮತ್ತೆ ಒಸರಿ ನಳಿಕೆಯ ಬಾಯಿಯಲ್ಲಿ ನಿಲ್ಲುತ್ತಿತ್ತು. ಕುಸ್‌ಮೌಲ್ ಪ್ರಯೋಗವನ್ನು ಅಲ್ಲಿಗೇ ಬಿಟ್ಟರು. ವಿವರವಾದ ಲೇಖನವನ್ನೂ ಬರೆಯಲಿಲ್ಲ. ರೋಗಿಗಳ ಮೇಲೆ ಹಟ ಹಿಡಿದು ಮುಂದುವರಿಸದೆ ಹಿಂದೆ ಸರಿದದ್ದನ್ನು ಸೋಲೆನ್ನುವುದಕ್ಕಿಂತ ವಿವೇಕವೆನ್ನುವುದೇ ಸರಿ. ಗಟ್ಟಿ ನಳಿಕೆ ತಾಗಿ ಅನ್ನನಾಳ ಹರಿದು ರೋಗಿಗಳು ಸತ್ತ ವರದಿಗಳು ಮುಂದಿನ ದಶಕಗಳಲ್ಲಿ ಸಾಕಷ್ಟು ಬಂದವು. ಕತ್ತಿ ನುಂಗುವವನಿಗೆ ಸಲ್ಲುವುದು ಜ್ವರ, ಸುಸ್ತು, ವಾಂತಿಗಳಿಂದ ಬಳಲಿದ ಸಾಮಾನ್ಯ ರೋಗಿಗೆ ಸಲ್ಲುವುದಿಲ್ಲ.

ಮುಂದೆ ಬೆಳಕು ಹಂತಹಂತವಾಗಿ ಬಂದಿತು. 1881ರಲ್ಲಿ ವಿಯೆನ್ನಾದ ಮಿಕುಲಿಚ್, ವಿದ್ಯುತ್ತಿನಿಂದ ಕಾಯುವ ಪ್ಲಾಟಿನಂ ತಂತಿಯನ್ನು ನಳಿಕೆಯ ತುದಿಯಲ್ಲಿಯೇ ಇರಿಸಿ, ಬಿಸಿ ತಗುಲದಂತೆ ನೀರು ಹಾಯಿಸಿ ಜಠರವನ್ನು ನೋಡಿದರು. 1932ರಲ್ಲಿ ಮ್ಯೂನಿಕ್‌ನ ರುಡಾಲ್ಫ್ ಶಿಂಡ್ಲರ್, ತಯಾರಕ ಗಿಯೋರ್ಗ್ ವುಲ್ಫ್ ಜೊತೆಗೂಡಿ ಅರ್ಧ ಬಳುಕುವ ದರ್ಶಕವನ್ನು ರೂಪಿಸಿದರು. ಎರಡು ವರ್ಷಗಳಲ್ಲೇ ನಾಜಿಗಳ ಸೆರೆ ಕಂಡು ಅಮೆರಿಕಕ್ಕೆ ಹೋಗಬೇಕಾಯಿತು. ಕೂದಲೆಳೆಯಂಥ ಗಾಜಿನ ಎಳೆಗಳ ಕಟ್ಟಿನಿಂದ ಬಿಂಬವನ್ನು ಸಾಗಿಸಬಹುದೆಂದು 1954ರಲ್ಲಿ ಲಂಡನ್ನಿನಲ್ಲಿ ಹೆರಾಲ್ಡ್ ಹಾಪ್ಕಿನ್ಸ್ ಮತ್ತು ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ ತೋರಿಸಿಕೊಟ್ಟರು. ಅದನ್ನೋದಿದ ಬೇಸಿಲ್ ಹಿರ್ಷೋವಿಟ್ಸ್ ಅಮೆರಿಕದ ಮಿಷಿಗನ್ನಿನಲ್ಲಿ ಬಳುಕುವ ದರ್ಶಕವನ್ನು ಸಿದ್ಧಪಡಿಸಿ 1957ರಲ್ಲಿ ಮೊದಲು ತಾವೇ ನುಂಗಿದರು. ಕಸರತ್ತುಗಾರರ ಅಗತ್ಯ ಅಂದಿಗೆ ತೀರಿತು.

ನೋಡುವ ಕಣ್ಣು ಬಂದಂತೆಲ್ಲ ಕಾಯಿಲೆಗೂ ಹೆಸರು ಬಂದಿತು. ಜಠರದ ರಸವೇ ಅನ್ನನಾಳದಲ್ಲಿ ಹುಣ್ಣು ಮಾಡಬಲ್ಲದೆಂದು 1879ರಲ್ಲಿ ಹೈನ್ರಿಖ್ ಕ್ವಿಂಕೆ ವರ್ಣಿಸಿದ್ದರು. 1935ರಲ್ಲಿ ನ್ಯೂಯಾರ್ಕಿನ ಆಶರ್ ವಿಂಕೆಲ್‌ಸ್ಟೈನ್, ಎದೆಯುರಿಯಿಂದ ಬಳಲುವ ರೋಗಿಗಳಲ್ಲಿ ಆಮ್ಲದಿಂದಲೇ ಅನ್ನನಾಳ ಉರಿಯೂತಗೊಳ್ಳುತ್ತದೆ ಎಂದು ಮುಂದಿಟ್ಟರು. ಅನ್ನನಾಳ ಮತ್ತು ಜಠರ ಕೂಡುವಲ್ಲಿರುವ ಬಿಗಿ ಸ್ನಾಯು ಹೊತ್ತಲ್ಲದ ಹೊತ್ತಿನಲ್ಲಿ ಸಡಿಲಗೊಂಡು ಹುಳಿರಸ ಮೇಲಕ್ಕೆ ನುಗ್ಗುವುದೇ ಇದರ ಮೂಲ. ವಪೆಯ ರಂಧ್ರದ ಮೂಲಕ ಜಠರದ ಮೇಲ್ಭಾಗ ಎದೆಗೂಡಿನೊಳಕ್ಕೆ ಜಾರಿದವರಲ್ಲಿ ತೊಂದರೆ ಹೆಚ್ಚು. ಹುಣ್ಣಿನ ಪ್ರಮಾಣವನ್ನು ಎ, ಬಿ, ಸಿ, ಡಿ ಎಂದು ನಾಲ್ಕು ದರ್ಜೆಗಳಲ್ಲಿ ಗುರುತಿಸುವ ಲಾಸ್ ಏಂಜಲೀಸ್ ವರ್ಗೀಕರಣ 1994ರಿಂದ ಬಳಕೆಗೆ ಬಂದಿತು. 5 ಮಿಲಿಮೀಟರ್ ಮೀರದ ಸಣ್ಣ ಗೀರುಗಳಿದ್ದರೆ ಎ, ಅನ್ನನಾಳದ ಸುತ್ತಳತೆಯ ಮುಕ್ಕಾಲು ಪಾಲು ಅಥವಾ ಅದಕ್ಕಿಂತ ಹೆಚ್ಚು ಹುಣ್ಣಾಗಿದ್ದರೆ ಡಿ. ಎಂಡೋಸ್ಕೋಪಿ ವರದಿ ಕೈಯಲ್ಲಿ ಹಿಡಿದವರು ಈ ಅಕ್ಷರಗಳನ್ನು ಕಂಡಿರುತ್ತಾರೆ.

ಕುತೂಹಲದ ಸಂಗತಿಯೆಂದರೆ, ಇಷ್ಟೆಲ್ಲ ಬೆಳಕು ಬಂದ ಮೇಲೂ ಎದೆಯುರಿಯೆಂದು ಬರುವವರಲ್ಲಿ ಬಹುಪಾಲು ಜನರ ಅನ್ನನಾಳ ಎಂಡೋಸ್ಕೋಪಿಯಲ್ಲಿ ಸರಿಯಾಗಿಯೇ ಕಾಣುತ್ತದೆ. ವರದಿ ಸರಿಯಿದೆ ಎಂದ ಮಾತ್ರಕ್ಕೆ ಕಾಯಿಲೆ ಇಲ್ಲವೆಂದಲ್ಲ. ಪರೀಕ್ಷೆಗೆ ಮುನ್ನ ವಾರಗಟ್ಟಲೆ ಆಮ್ಲ ತಗ್ಗಿಸುವ ಮಾತ್ರೆ ನುಂಗಿದ್ದರೆ ಇದ್ದ ಹುಣ್ಣೂ ಮಾಯ್ದು ಕಾಣದಿರಬಹುದು. ಆದ್ದರಿಂದ ನುಂಗುತ್ತಿರುವ ಮಾತ್ರೆಯ ವಿಷಯವನ್ನು ವೈದ್ಯರಿಗೆ ಮೊದಲೇ ತಿಳಿಸುವುದು ಅಗತ್ಯ. ಊಟದ ನಂತರದ ಎದೆಯುರಿ ಮತ್ತು ಹುಳಿನೀರು ಇವೆರಡೂ ಸ್ಪಷ್ಟವಾಗಿದ್ದು ಬೇರೆ ಅಪಾಯದ ಚಿಹ್ನೆಗಳಿಲ್ಲದಿದ್ದರೆ, ಎಂಟು ವಾರಗಳ ಕಾಲ ಊಟಕ್ಕೆ ಮೊದಲು ಮಾತ್ರೆ ಕೊಟ್ಟು ನೋಡುವುದು ವೈದ್ಯರ ಇಂದಿನ ಕ್ರಮ. ಅದಕ್ಕೂ ಬಗ್ಗದಿದ್ದರೆ ದರ್ಶಕ. ಆಗಲೂ ಏನೂ ಕಾಣದಿದ್ದರೆ ತೆಳ್ಳಗಿನ ತಂತಿಯನ್ನು ಮೂಗಿನ ಮೂಲಕ ಇಳಿಸಿ ಇಡೀ ದಿನ ಆಮ್ಲದ ಏರಿಳಿತ ಅಳೆಯುತ್ತಾರೆ. ದಿನದ ಅವಧಿಯಲ್ಲಿ ಶೇಕಡಾ 6ಕ್ಕಿಂತ ಹೆಚ್ಚು ಹೊತ್ತು ಅನ್ನನಾಳದಲ್ಲಿ ಆಮ್ಲವಿದ್ದರೆ ಕಾಯಿಲೆ ಖಚಿತ. ಆದರೆ ನುಂಗಲು ಕಷ್ಟವಾಗುವುದು, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತವಾಂತಿ, ಕಪ್ಪು ಮಲ, ರಕ್ತಹೀನತೆ, ನಿಲ್ಲದ ವಾಂತಿ ಇವುಗಳಲ್ಲಿ ಒಂದಿದ್ದರೂ ಮಾತ್ರೆ ನುಂಗುತ್ತಾ ಕಾಯುವಂತಿಲ್ಲ, ಎಂಡೋಸ್ಕೋಪಿಯನ್ನು ತಡಮಾಡದೆ ಮಾಡಿಸಬೇಕು. ಎದೆ ಹಿಂಡಿದಂತಾಗಿ ಬೆವರು ಬಂದರೆ ಅದನ್ನು ಗ್ಯಾಸ್ಟ್ರಿಕ್ ಎಂದುಕೊಳ್ಳದೆ ಮೊದಲು ಇಸಿಜಿ ಮಾಡಿಸಬೇಕು. ಈ ತಪ್ಪು ಎಣಿಕೆಯಿಂದ ಜೀವ ಹೋಗುವುದುಂಟು.

ರೋಗಿಯ ಮಾತನ್ನು ತಾಳ್ಮೆಯಿಂದ ಕೇಳುವ, ದೇಹವನ್ನು ಬರಿಗಣ್ಣಿನಿಂದ ಗಮನಿಸುವ ವಿದ್ಯೆಯಲ್ಲಿ ಕುಸ್‌ಮೌಲ್ ಅವರನ್ನು ಮೀರಿಸಿದವರು ಅವರ ಕಾಲದಲ್ಲಿ ಹೆಚ್ಚು ಮಂದಿಯಿರಲಿಲ್ಲ. ಹೃದಯದ ಸುತ್ತಲ ಪೊರೆ ಗಟ್ಟಿಯಾದವರಲ್ಲಿ ಉಸಿರೆಳೆದುಕೊಂಡಾಗ ಕತ್ತಿನ ರಕ್ತನಾಳ ಉಬ್ಬುವುದನ್ನು 1873ರಲ್ಲಿ, ಮಧುಮೇಹಿಗಳ ಆಳ ಉಸಿರನ್ನು 1874ರಲ್ಲಿ ವರ್ಣಿಸಿದರು. ಕಣ್ಣು ಸರಿಯಿದ್ದೂ ಓದಲಾಗದ ಸ್ಥಿತಿಯನ್ನು 1877ರ ಗ್ರಂಥದಲ್ಲಿ ಹೆಸರಿಸಿದರು. 1876ರಿಂದ 1888ರವರೆಗೆ ಸ್ಟ್ರಾಸ್‌ಬರ್ಗ್‌ನಲ್ಲಿದ್ದರು. ಜಠರದ ಹುಣ್ಣಿಗೆ ಬಿಸ್ಮತ್ ಲವಣವನ್ನು ಹೆಚ್ಚಿನ ಪ್ರಮಾಣದಲ್ಲಿ ಕೊಡುವ ಅವರ ಪದ್ಧತಿಯನ್ನು 1893ರಲ್ಲಿ ಶಿಷ್ಯ ಫ್ಲೈನರ್ ಪ್ರಕಟಿಸಿದರು. ಆ ಹುಣ್ಣುಗಳಿಗೆ ಸೂಕ್ಷ್ಮಜೀವಿ ಕಾರಣವೆಂದು ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ತಿಳಿದಾಗ, ಅದನ್ನು ಕೊಲ್ಲುವ ಔಷಧಿಗಳ ಸಾಲಿನಲ್ಲಿ ಬಿಸ್ಮತ್ ಕೂಡ ಇದ್ದಿತು.

ನಿವೃತ್ತಿಯ ನಂತರ ಹೈಡೆಲ್‌ಬರ್ಗ್‌ಗೆ ಮರಳಿದ ಅವರು 1899ರಲ್ಲಿ ತಮ್ಮ ನೆನಪುಗಳ ಪುಸ್ತಕವನ್ನು ಪ್ರಕಟಿಸಿದರು. ಜರ್ಮನ್ ಓದುಗರು ಅದನ್ನು ಬಹಳ ಮೆಚ್ಚಿದರು. ಆದರೆ ಅದು ಯೌವನದ ಕಥೆ. 1902ರ ಮೇ ತಿಂಗಳಲ್ಲಿ, 80ರ ವಯಸ್ಸಿನಲ್ಲಿ ಅವರು ತೀರಿಕೊಂಡರು. ಅಳಿಯ ಹಾಗೂ ಖ್ಯಾತ ಶಸ್ತ್ರವೈದ್ಯ ವಿನ್ಸೆಂಟ್ಸ್ ಚೆರ್ನಿ ಮರುವರ್ಷ ಹೊರತಂದ ಎರಡನೆಯ ಸಂಪುಟವೂ ಹೈಡೆಲ್‌ಬರ್ಗ್‌ನ ಅಧ್ಯಾಪನದ ದಿನಗಳಿಗೆ ಸೀಮಿತವಾಯಿತು. ಫ್ರೈಬುರ್ಗ್‌ನ ನಳಿಕೆ, ಮಂಕು ದೀಪ, ಕತ್ತಿ ನುಂಗುವವನು ಯಾವುದೂ ಅವುಗಳಲ್ಲಿಲ್ಲ. ಆ ಪ್ರಯೋಗದ ವಿವರಗಳನ್ನು ಹುಡುಕಿ ಬರೆದಿಟ್ಟವರು ಅದೇ ಊರಿನ ಗಂಟಲು ವೈದ್ಯ ಗುಸ್ಟಾಫ್ ಕಿಲಿಯಾನ್. ಗಟ್ಟಿ ನಳಿಕೆಯನ್ನು ಶ್ವಾಸನಾಳಕ್ಕೆ ಇಳಿಸಿ, ರೈತನೊಬ್ಬನಿಗೆ ಸಿಕ್ಕಿಕೊಂಡಿದ್ದ ಮೂಳೆಯ ಚೂರನ್ನು 1897ರಲ್ಲಿ ಹೊರತೆಗೆದವರು ಅವರೇ.